ಉಳಿದ ನಾಲ್ಕು

ಶುವೈಖ್. ಬೆಳಿಗ್ಗೆ ಏಳಕ್ಕೇ ನಲವತ್ತೆರಡು ಡಿಗ್ರಿ.
ಶಟರ್ ಎತ್ತಿದರೆ ಮೊದಲು ಹೊರಗೆ ಬರುವುದು ರಬ್ಬರಿನ ವಾಸನೆ,
ಆಮೇಲೆ ಪೊಡಿಯಬ್ಬ ಕಾಕನ ಕೆಮ್ಮು.

ನಲವತ್ತೊಂದು ಸಾವಿರ ಬಿಡಿಭಾಗ, ಒಂಬತ್ತು ಸಾಲು ರ‍್ಯಾಕು,
ಮತ್ತೆ ಕಾಕನ ಪುಸ್ತಕಗಳು, ಇಪ್ಪತ್ತಾರು, ಹಸಿರು ರಟ್ಟಿನವು:
ಗಿರಾಕಿ ಅಂದದ್ದು ಅಂದ ಹಾಗೇ, ಕನ್ನಡ ಅಕ್ಷರದಲ್ಲಿ.
"ಪಠಾಣ: ಫ್ಲೈಓವರ್ ಹತ್ತುವಾಗ ಕೆಮ್ಮುತ್ತದೆ. ಇಂಜೆಕ್ಟರ್."
"ಮಿಸ್ರಿ: ಬ್ರೇಕ್ ಒತ್ತಿದರೆ ಬೆಕ್ಕು ಅಳುತ್ತದೆ. ಮುಂದಿನ ಪ್ಯಾಡು."
"ನೇಪಾಳಿ ಡ್ರೈವರ್: ಎಸಿ ಬಿಸಿ ಉಸಿರು ಬಿಡುತ್ತದೆ,
ಮೇಡಮ್ ಬೈಯುತ್ತಾರೆ. ಕಂಪ್ರೆಸರ್. ಅಥವಾ ಮೇಡಮ್."

ಅರಬಾಬ ಬೂ ಮಿಶಾರಿ ಹೇಳಿದ್ದು ಎರಡೇ ಮಾತು:
ಇದನ್ನೆಲ್ಲ ಯಂತ್ರ ಹುಡುಕಿಕೊಡಬೇಕು.
ಇದ್ಯಾವುದೂ ಈ ಗೋಡೆ ದಾಟಬಾರದು.
ಮೋಡದಲ್ಲಿಡಬಹುದು, ಅಂದೆ.
ಬಾಗಿಲು ತೆರೆದು ಆಕಾಶ ತೋರಿಸಿದ:
ಧೂಳಿನ ಬಣ್ಣ, ಮೋಡದ ಒಂದು ಚೂರೂ ಇಲ್ಲ.

ಹಾಗಾಗಿ ಗ್ಯಾಸ್ಕೆಟ್ಟುಗಳ ಪಕ್ಕ ಒಂದು ಕಪಾಟು,
ಅದರಲ್ಲೊಂದು ಸರ್ವರ್, ಅದಕ್ಕೆಂದೇ ಬೇರೆ ಎಸಿ.
ನಮಗಿಲ್ಲ ಅಷ್ಟು ತಂಪು.

ಮಾತನ್ನು ಅಂಕಿ ಮಾಡುವುದು ದೊಡ್ಡದಲ್ಲ.
ವಾಕ್ಯಕ್ಕೆ ಏಳುನೂರ ಅರವತ್ತೆಂಟು ಅಂಕಿ,
ದೂರಿಗೊಂದು ಚುಕ್ಕೆ;
ಕೆಮ್ಮುವುದೆಲ್ಲ ಒಂದು ಕಡೆ, ಅಳುವುದೆಲ್ಲ ಒಂದು ಕಡೆ.
ಕಷ್ಟ ಇರುವುದು ಚುಕ್ಕೆಗಳಿಗೆ ಮನೆ ಹುಡುಕುವುದರಲ್ಲಿ.

ಒಂದು ಬಹಳ ಚುರುಕು, ಕೇಳಿ ಮುಗಿಸುವ ಮೊದಲೇ ಉತ್ತರ.
ಆದರೆ ಇದ್ದ ಮೆಮೊರಿಯನ್ನೆಲ್ಲ ಉಂಡು,
ಎಲೆ ಎತ್ತಲು ಬಿಡದೆ, ಇನ್ನೊಮ್ಮೆ ಸಾರಿಗೆ ಕೈ ಒಡ್ಡುತ್ತದೆ.
ಇನ್ನೊಂದು ದಿಬ್ಬಣದ ಹಾಗೆ: ಒಬ್ಬ ಮದುಮಗ, ಏಳು ಪರಿಚಾರಕರು,
ಒಬ್ಬ ಮುನಿಸಿಕೊಂಡರೂ ಮುಹೂರ್ತ ತಪ್ಪಿತು.
ಅದನ್ನು ಕೈಪಿಡಿ ಓದುವಾಗಲೇ ಬಿಟ್ಟೆ.
ಮೂರನೆಯದಕ್ಕೆ ಸ್ವಂತ ಮನೆಯೇ ಬೇಡ.
ಬಿಲ್ಲು, ಸ್ಟಾಕು, ಉದ್ರಿ ಎಲ್ಲ ಇರುವ
ನಮ್ಮ ಹಳೆಯ ಡೇಟಾಬೇಸಿನ ಹಿತ್ತಿಲಿಗೆ
ಒಂದು ಮಾಡು ಇಳಿಸಿದರೆ ಸಾಕು.
ನಿಧಾನ, ನಿಜ. ಕಣ್ಣು ಮಿಟುಕಿಸುವಷ್ಟು ನಿಧಾನ.

ಕಾಕ ಸುಲೈಮಾನಿ ಹೀರುತ್ತ ನೂರು ಪ್ರಶ್ನೆ ಕೇಳಿದರು.
ಚುರುಕಿನದು ಹತ್ತಿರದ ಹತ್ತು ತಂದು ಎದುರಿಗಿಟ್ಟಿತು.
ಎರಡು ಸಾವಿರದ ಒಂಬತ್ತರ ಗಾಡಿಗೆ ಹೊಂದಬೇಕು,
ಸ್ಟಾಕಿನಲ್ಲೂ ಇರಬೇಕು ಎಂದು ಆಮೇಲೆ ಸೋಸಿದರೆ
ಜರಡಿಯಲ್ಲಿ ಏನೂ ಇಲ್ಲ.
"ಇಲ್ಲದ ಸಾಮಾನು ಎಷ್ಟು ಬೇಗ ಕೊಟ್ಟರೇನು?"

ನಡುವೆ, ಸುಮ್ಮನೆ ಚೇಷ್ಟೆಗೆ, "ಚುಕ್ಕಾಣಿ" ಅಂತ ಒತ್ತಿದೆ.
ಏಳನೇ ಸಾಲಿನ ಸ್ಟೀರಿಂಗ್ ಬಾಕ್ಸ್ ಬಂತು.
ಬೂ ಮಿಶಾರಿ ಬಗ್ಗಿ ನೋಡಿ "ಸುಕ್ಕಾನ್!" ಎಂದು ನಕ್ಕ.
ಅವನಜ್ಜ ಹಾಯಿಹಡಗಿನ ನಾಖುದಾ,
ಮಂಗಳೂರಿನಿಂದ ಹೆಂಚು ತುಂಬಿಕೊಂಡು ಹೋದವನು.
ಆ ಪದ ಅಜ್ಜನಿಗೂ ಎಷ್ಟೋ ಮೊದಲು ನಮ್ಮ ಬಂದರಿನಲ್ಲಿಳಿದು,
ಗಂಜಿ ಮೀನು ಉಂಡು, ಕನ್ನಡವಾಗಿ ಹೋಗಿತ್ತು.
ಯಂತ್ರಕ್ಕೆ ಇದೇನೂ ಗೊತ್ತಿಲ್ಲ.
ಎರಡು ಚುಕ್ಕೆ ಹತ್ತಿರ ಇದ್ದವು, ಅಷ್ಟೆ.

ಜುಲೈ ಹದಿನಾಲ್ಕು, ನಡುಮಧ್ಯಾಹ್ನ, ಕರೆಂಟು ಹೋಯಿತು.
ಬಂದಾಗ ಚುರುಕಿನದು ತನ್ನ ಸೂಚಿಯನ್ನು
ಮೊದಲ ಪುಟದಿಂದ ಓದತೊಡಗಿತ್ತು;
ಕಾಕ ನಮಾಜು ಮುಗಿಸಿ ಬಂದರೂ ಓದುತ್ತಲೇ ಇತ್ತು.
ಹಿತ್ತಿಲ ಮಾಡಿನದು ಎದ್ದು, ಮುಖ ತೊಳೆದು,
ಗಲ್ಲದಲ್ಲಿ ಕೂತಾಗಿತ್ತು.
ಅದನ್ನೇ ಇಟ್ಟುಕೊಂಡೆ. ಕೋಟಿ ಚುಕ್ಕೆ ಆದ ದಿನ ಮತ್ತೆ ನೋಡುವ.

ವರದಿ ಬರೆದೆ: ನೂರಕ್ಕೆ ತೊಂಬತ್ತಾರು ಸರಿ.
ಬೂ ಮಿಶಾರಿ ಸಹಿ ಹಾಕಿದ.
ಕಾಕ ಕನ್ನಡಕ ತೆಗೆದು ಒರೆಸಿದರು:
"ಉಳಿದ ನಾಲ್ಕು ಯಾರ ಗಾಡಿ?"

ನನ್ನಲ್ಲಿರಲಿಲ್ಲ ಉತ್ತರ. ಅವರಲ್ಲಿತ್ತು,
ಆಯಿಲ್ ಫಿಲ್ಟರಿನ ಹರಿದ ರಟ್ಟಿನ ಮೇಲೆ
ಪೆನ್ಸಿಲಿನಲ್ಲಿ ನಾಲ್ಕು ಸಾಲು.
ಕಪಾಟಿನ ಬಾಗಿಲಿಗೆ ಅಂಟಿಸಿದೆ.

ಅಷ್ಟರಲ್ಲಿ ಯಾರೋ ಒಳಬಂದು, ಯಾವ ಭಾಷೆಯೂ ಹೊಂದದೆ,
ಗಾಳಿಯಲ್ಲಿ ಎರಡು ಬೆರಳು ಹೀಗೆ ತಿರುಗಿಸಿ
ತಟ್ಟನೆ ನಿಲ್ಲಿಸಿದ.
ಕಾಕ ಆಗಲೇ ಏಣಿ ಹತ್ತಿದ್ದರು.
ಮೇಲಿನಿಂದಲೇ ನನ್ನನ್ನು ಕೇಳಿದರು:
"ಇದಕ್ಕೆ ಎಷ್ಟು ಅಂಕಿ?"